ಖಾಲಿ ಬ್ರೆಡ್‌ಬೋರ್ಡಿನಿಂದ ಬೇಸಿಕ್‌ವರೆಗೆ: ಝಡ್80 ಕಂಪ್ಯೂಟರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಝಡ್80 ಎಂಬ ಹಳೆಯ ಎಂಟು ಬಿಟ್‌ನ ಪ್ರೊಸೆಸರ್ ಚಿಪ್ಪಿನ ಕಂಪ್ಯೂಟರನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ವೈರು ಚುಚ್ಚುವ ತೂತುಗಳ ಹಲಗೆ) ಮೇಲೆ ಒಂದೇ ಏಟಿಗೆ ಪೂರ್ತಿ ಜೋಡಿಸಿ ಕರೆಂಟು ಕೊಟ್ಟರೆ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ನೂರೈವತ್ತಕ್ಕೂ ಹೆಚ್ಚು ಪಿನ್ನುಗಳಲ್ಲಿ ಎಲ್ಲೋ ಒಂದು ವೈರು ಪಕ್ಕದ ತೂತಿಗೆ ಹೋಗಿರುತ್ತದೆ. ಅದು ಯಾವುದೆಂದು ತಿಳಿಯಲು ಯಾವ ಗುರುತೂ ಇರುವುದಿಲ್ಲ. ಅದಕ್ಕೇ ಇಲ್ಲಿನ ಕ್ರಮ ಬೇರೆ. ಒಂದು ಹಂತಕ್ಕೆ ಒಂದೇ ಹೊಸ ಚಿಪ್ಪು, ಒಂದೇ ಹೊಸ ಅನುಮಾನ. ಹಿಂದಿನ ಹಂತ ಗಟ್ಟಿಯಾಗುವವರೆಗೆ ಮುಂದಿನದನ್ನು ಮುಟ್ಟಬಾರದು. ಈ ಶಿಸ್ತಿದ್ದರೆ ಆಸಿಲೋಸ್ಕೋಪ್ (ವಿದ್ಯುತ್ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಇಲ್ಲದೆ, ಒಂದು ಮಲ್ಟಿಮೀಟರ್ ಮತ್ತು ಹತ್ತು ಎಲ್‌ಇಡಿ ಇಟ್ಟುಕೊಂಡು ಇಡೀ ಯಂತ್ರವನ್ನು ಎಬ್ಬಿಸಬಹುದು.

ಝಡ್80 ಬಂದದ್ದು 1976ರಲ್ಲಿ. ಇಂಟೆಲ್‌ನಲ್ಲಿ 4004 ಮತ್ತು 8080 ಚಿಪ್ಪುಗಳ ಮೇಲೆ ಕೆಲಸ ಮಾಡಿದ್ದ ಫೆಡೆರಿಕೊ ಫ್ಯಾಜಿನ್ ಹೊರಬಂದು ಕಟ್ಟಿದ ಝೈಲಾಗ್ ಕಂಪನಿಯ ಮೊದಲ ದೊಡ್ಡ ಯಶಸ್ಸು ಇದು. 1980ರ ಸಿಂಕ್ಲೇರ್ ಝಡ್‌ಎಕ್ಸ್80, 1981ರ ಝಡ್‌ಎಕ್ಸ್81, 1982ರ ಸ್ಪೆಕ್ಟ್ರಮ್, 1983ರ ಎಂಎಸ್‌ಎಕ್ಸ್ ಎಲ್ಲದರ ಹೊಟ್ಟೆಯಲ್ಲೂ ಇರುವುದು ಇದೇ ಅಥವಾ ಇದರ ನಕಲು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ 8085 ಕಿಟ್ ಒತ್ತಿದವರಿಗೆ ಇದು ದಾಯಾದಿ ಮನೆಯಿದ್ದಂತೆ. ಎರಡೂ 8080ರ ಸಂತಾನ. ಕಿಟ್‌ನಲ್ಲಿ ‘ಎಂವಿಐ ಎ’ ಎಂದು ಒತ್ತುತ್ತಿದ್ದ 62 (ಹೆಕ್ಸಿನಲ್ಲಿ ಮೂರು-ಇ) ಇಲ್ಲಿಯೂ ಅದೇ ಕೆಲಸ ಮಾಡುತ್ತದೆ. ಆದರೆ 8085ರಲ್ಲಿ ವಿಳಾಸದ ಕೆಳಗಿನ ಎಂಟು ಬಿಟ್ಟುಗಳೂ ಡೇಟಾವೂ ಒಂದೇ ಪಿನ್ನುಗಳನ್ನು ಹಂಚಿಕೊಳ್ಳುತ್ತವೆ, ಅವನ್ನು ಬಿಡಿಸಲು ಬೇರೆ ಲ್ಯಾಚ್ (ಬಿಟ್ಟುಗಳನ್ನು ಹಿಡಿದಿಟ್ಟುಕೊಳ್ಳುವ ಚಿಪ್ಪು) ಬೇಕು. ಝಡ್80ಕ್ಕೆ ಆ ರಗಳೆ ಇಲ್ಲ. ಬ್ರೆಡ್‌ಬೋರ್ಡಿಗೆ ಇದೇ ವಾಸಿ ಎನ್ನುವುದಕ್ಕೆ ಇಷ್ಟು ಸಾಕು.

ಈ ಬರಹದಲ್ಲಿ ಎಲ್ಲ ಸಂಖ್ಯೆಗಳೂ ದಶಮಾನದಲ್ಲಿವೆ, ಹಳೆಯ ಪತ್ರಿಕೆಗಳ ಬೇಸಿಕ್ (ಪ್ರೋಗ್ರಾಮು ಬರೆಯುವ ಸರಳ ಭಾಷೆ) ಲಿಸ್ಟಿಂಗ್‌ಗಳ ಡೇಟಾ ಸಾಲುಗಳ ಹಾಗೆ.

ಏನೇನು ಬೇಕು

ಝಡ್84ಸಿ0008 (ಸಿಮೋಸ್ ಎಂಬ ಹೊಸ ಬಗೆಯ ತಯಾರಿಕೆ, 8 ಮೆಗಾಹರ್ಟ್ಸ್, 0006 ಆದರೂ ಸರಿ) ಒಂದು. 28ಸಿ256 ಇಇಪ್ರಾಮ್ (ಕರೆಂಟು ಹೋದರೂ ಬರೆದದ್ದು ಉಳಿಯುವ, ಮತ್ತೆ ಬರೆಯಬಹುದಾದ ಮೆಮೊರಿ), 150 ನ್ಯಾನೋಸೆಕೆಂಡ್ ಅಥವಾ ವೇಗದ್ದು. 62256 ಸ್ಟ್ಯಾಟಿಕ್ ರ‍್ಯಾಮ್. ಪಿಸಿಯೊಂದಿಗೆ ಸೀರಿಯಲ್ (ಒಂದೊಂದೇ ಬಿಟ್ಟಾಗಿ ಕಳಿಸುವ) ಮಾತಿಗೆ 68ಬಿ50, ಮುಂದೆ ಇದನ್ನೇ 6850 ಎಂದಿದೆ. ಜೊತೆಗೆ 74ಎಚ್‌ಸಿ32 (ಓಆರ್ ಗೇಟುಗಳು), 74ಎಚ್‌ಸಿ14 (ಸಂಕೇತ ತಿರುವುವ ಗೇಟುಗಳು), 74ಎಚ್‌ಸಿ393 (ಎಣಿಕೆಗಾರ), 74ಎಚ್‌ಸಿ574 (ಲ್ಯಾಚ್) ಒಂದೊಂದು; ಮುಂದೆ ಇವು ಬರೀ ಎಚ್‌ಸಿ32, ಎಚ್‌ಸಿ14, 393, 574. 4.9152 ಮೆಗಾಹರ್ಟ್ಸ್‌ನ ಲೋಹದ ಡಬ್ಬಿಯ ಆಸಿಲೇಟರ್. ಎರಡು ಕಾಲಿನ ಬರೀ ಕ್ರಿಸ್ಟಲ್ ಅಲ್ಲ. 830 ತೂತಿನ ಬ್ರೆಡ್‌ಬೋರ್ಡ್ ನಾಲ್ಕು. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹನ್ನೆರಡು (ಮೇಲೆ 104 ಎಂದಿರುತ್ತದೆ), 100 ಮೈಕ್ರೋಫ್ಯಾರಡ್ ಒಂದು, 10 ಮೈಕ್ರೋಫ್ಯಾರಡ್ ಒಂದು. 10 ಕಿಲೋಓಮ್ ರೆಸಿಸ್ಟರ್ ಇಪ್ಪತ್ತು, 2.2 ಕಿಲೋಓಮ್ ಹದಿನೈದು, ಎಲ್‌ಇಡಿ ಹದಿನೈದು, ಒಂದು ಪುಶ್ ಬಟನ್, ಒಂದು 1ಎನ್4148 ಡಯೋಡ್. ಯುಎಸ್‌ಬಿಯಿಂದ ಟಿಟಿಎಲ್ ಸೀರಿಯಲ್ ಮಾಡುವ ಅಡಾಪ್ಟರ್, 5 ವೋಲ್ಟ್‌ಗೆ ಜಂಪರ್ ಇರುವಂಥದ್ದು, ಸಿಟಿಎಸ್ ಪಿನ್ (ಕಳಿಸಬಹುದು ಎಂಬ ಅಪ್ಪಣೆ ಬರುವ ಗೆರೆ) ಹೊರಗೆ ಕೊಟ್ಟಿರುವಂಥದ್ದು. ಇಇಪ್ರಾಮ್‌ಗೆ ಬರೆಯಲು ಟಿಎಲ್866 ಅಥವಾ ಟಿ48ರಂಥ ಪ್ರೋಗ್ರಾಮರ್.

74 ಸರಣಿಯ ಚಿಪ್ಪು, ಬೋರ್ಡು, ರೆಸಿಸ್ಟರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೈಗೆ ಸಿಗುವ ಮಾಲು. ಝಡ್80 ಮಾತ್ರ ಎಚ್ಚರದಿಂದ ಕೊಳ್ಳಬೇಕು. 2024ರ ಏಪ್ರಿಲ್‌ನಲ್ಲಿ ಝೈಲಾಗ್ ಬಿಡಿ ಝಡ್84ಸಿ00 ತಯಾರಿಕೆ ನಿಲ್ಲಿಸುವುದಾಗಿ ಹೇಳಿ, ಜೂನ್‌ವರೆಗೆ ಕೊನೆಯ ಆರ್ಡರ್ ತೆಗೆದುಕೊಂಡಿತು. ಈಗ ಆನ್‌ಲೈನಿನಲ್ಲಿ ಬರುವುದರಲ್ಲಿ ಹಳೆಯ ಬೋರ್ಡುಗಳಿಂದ ಕಿತ್ತದ್ದೂ ಇರುತ್ತದೆ, ಹಳೆಯ ಎನ್‌ಮೋಸ್ ತಯಾರಿಕೆಯ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ಹೊಸ ಹೆಸರು ಬರೆದದ್ದೂ ಇರುತ್ತದೆ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿದಾಗ ಹೆಸರು ಹತ್ತಿಗೆ ಬಂದರೆ ಬಣ್ಣ ಬಳಿದ ಮಾಲು. ಬಾರದಿದ್ದರೂ ಖಾತ್ರಿಯಿಲ್ಲ, ಐದು ಬೈಟಿನ ಒಂದು ಪ್ರೋಗ್ರಾಮು ಸತ್ಯ ಹೇಳುತ್ತದೆ, ಅದು ಮುಂದೆ ಬರುತ್ತದೆ.

ವೈರಿಗೆ ಹಳೆಯ ಲ್ಯಾನ್ ಕೇಬಲ್ ಸಿಗಿದರೆ ಎಂಟು ಬಣ್ಣದ ಒಂಟಿ ಎಳೆಯ ತಂತಿ ಸಿಗುತ್ತದೆ. ಗೋಡೆಯೊಳಗೆ ಹಾಕುವ ಗಟ್ಟಿ ಎಳೆಯ ಕೇಬಲ್ಲೇ ಆಗಬೇಕು. ಸಿದ್ಧವಾಗಿ ಸಿಗುವ ಉದ್ದ ಜಂಪರ್‌ಗಳು ಇಲ್ಲಿಗೆ ಬೇಡ. ಐವತ್ತು ಜಂಪರ್ ಆಗುವ ಹೊತ್ತಿಗೆ ಶಾವಿಗೆಯ ಗುಡ್ಡೆಯಾಗಿ, ಒಂದನ್ನು ಸರಿಸಲು ಹೋದರೆ ಮೂರು ಕಿತ್ತು ಬರುತ್ತವೆ.

ಕರೆಂಟು

ಬೋರ್ಡುಗಳನ್ನು ಜೋಡಿಸಿ ಮೊದಲು ಕೆಂಪು, ನೀಲಿ ಗೆರೆಗಳ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ. 830 ತೂತಿನ ಎಷ್ಟೋ ಬೋರ್ಡುಗಳಲ್ಲಿ ಈ ಪಟ್ಟಿ ನಡುವೆ ತುಂಡಾಗಿರುತ್ತದೆ, ಮೇಲಿನ ಗೆರೆಯೂ ಅಲ್ಲಿ ಮುರಿದಿರುತ್ತದೆ. ಕಣ್ಣಿಗೆ ಬೀಳದೆ ಅರ್ಧ ಬೋರ್ಡಿಗೆ ಕರೆಂಟೇ ಇಲ್ಲದೆ ಕುಳಿತವರು ಬಹಳ. ಮಲ್ಟಿಮೀಟರಿನ ಬೀಪ್‌ನಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪರೀಕ್ಷಿಸಿ. ಒಳ್ಳೆಯ ಮೊಬೈಲ್ ಚಾರ್ಜರಿನ 5 ವೋಲ್ಟ್ ಸಾಕು. ಬರುವ ಜಾಗದಲ್ಲಿ 100 ಮೈಕ್ರೋಫ್ಯಾರಡ್, ಪ್ರತಿ ಚಿಪ್ಪಿನ ಪಕ್ಕ ಒಂದು 104. ಎಲ್ಲ ಜೋಡಿಸಿದ ಮೇಲೆ ತೀರ ದೂರದ ಚಿಪ್ಪಿನ ಕಾಲಿನ ಮೇಲೇ ಅಳೆದಾಗ 4.75ಕ್ಕಿಂತ ಕೆಳಗಿರಬಾರದು. ಕಡಿಮೆಯಿದ್ದರೆ ಪಟ್ಟಿಗಳ ನಡುವಿನ ವೈರು ಹೆಚ್ಚಿಸಿ, ಚಾರ್ಜರನ್ನು ದೂರಬೇಡಿ.

ಕ್ಲಾಕ್, ಎರಡು ವೇಗದ್ದು

ಕ್ಲಾಕ್ ಎಂದರೆ ಚಿಪ್ಪುಗಳಿಗೆ ತಾಳ ಹಾಕುವ ಅಲೆ. 4.9152 ಎಂಬ ವಿಚಿತ್ರ ಸಂಖ್ಯೆಗೆ ಕಾರಣವಿದೆ. ಅದನ್ನು 8ರಿಂದ ಭಾಗಿಸಿದರೆ 614.4 ಕಿಲೋಹರ್ಟ್ಸ್. ಅದನ್ನು 6850 ತನ್ನೊಳಗೆ 64ರಿಂದ ಭಾಗಿಸಿದಾಗ ಸರಿಯಾಗಿ 9600 ಬಾಡ್ (ಸೆಕೆಂಡಿಗೆ 9600 ಬಿಟ್). ಇಂಥ ಯೋಜನೆಗಳಲ್ಲಿ ಬಹಳ ಮಂದಿ 7.3728 ಮೆಗಾಹರ್ಟ್ಸನ್ನು ನೇರ 6850ಕ್ಕೆ ಕೊಟ್ಟು 115200 ಪಡೆಯುತ್ತಾರೆ. ನಡೆಯುತ್ತದೆ, ನಿಜ. ಆದರೆ 68ಬಿ50ರ ಡೇಟಾಶೀಟ್ ಹೇಳುವ ಮಿತಿ 1.5 ಮೆಗಾಹರ್ಟ್ಸ್. ನಡೆಯದ ಚಿಪ್ಪು ನಿಮ್ಮ ಕೈಗೇ ಬಂದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಮೊದಲ ಯಂತ್ರಕ್ಕೆ 9600 ಸಾಕು.

ಆಸಿಲೇಟರಿನ ಹೊರಪಿನ್ನು (ಉದ್ದ ಡಬ್ಬಿಯಲ್ಲಿ 8, ಚೌಕ ಡಬ್ಬಿಯಲ್ಲಿ 5) 393ರ ಪಿನ್ 1ಕ್ಕೆ. 393ರ ಪಿನ್ 6ರಿಂದ 13ಕ್ಕೆ ಒಂದು ತುಂಡು ವೈರು. ಹೀಗೆ ಅದರ ಎರಡು ಅರ್ಧಗಳೂ ಸೇರಿ 256ರಿಂದ ಭಾಗಿಸುತ್ತವೆ. ಪಿನ್ 2 ಮತ್ತು 12 ಗ್ರೌಂಡಿಗೆ. ಇವು ರೀಸೆಟ್ ಪಿನ್ನುಗಳು, ಗಾಳಿಯಲ್ಲಿ ಬಿಟ್ಟರೆ ಎಣಿಕೆಗಾರ ಮನಸ್ಸು ಬಂದಾಗ ಎಣಿಸುತ್ತಾನೆ. ಪಿನ್ 5ರಲ್ಲಿ 614.4 ಕಿಲೋಹರ್ಟ್ಸ್, ಪಿನ್ 8ರಲ್ಲಿ 19.2 ಕಿಲೋಹರ್ಟ್ಸ್.

ಸ್ಕೋಪ್ ಇಲ್ಲದೆ ಪರೀಕ್ಷಿಸುವುದು ಹೀಗೆ: ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಈ ಪಿನ್ನುಗಳನ್ನು ಮುಟ್ಟಿ. ಅರ್ಧ ಹೊತ್ತು 5, ಅರ್ಧ ಹೊತ್ತು 0 ಇರುವ ಅಲೆಯ ಸರಾಸರಿ 2.5ರ ಆಸುಪಾಸು ತೋರಿಸುತ್ತದೆ. 0 ಅಥವಾ 5ರಲ್ಲಿ ನಿಂತಿದ್ದರೆ ಅಲ್ಲಿ ಅಲೆಯಿಲ್ಲ.

ಝಡ್80 ಒಂಟಿಯಾಗಿ

ಇನ್ನು ಸಿಪಿಯು ಕೂರಿಸಿ. ಪಿನ್ 11ಕ್ಕೆ 5 ವೋಲ್ಟ್, 29ಕ್ಕೆ ಗ್ರೌಂಡ್. ಮೂಲೆಯ ಪಿನ್ನುಗಳಲ್ಲ, ಗಮನಿಸಿ. 74 ಸರಣಿಯ ರೂಢಿಯಲ್ಲಿ ಮೂಲೆಗೆ ಕರೆಂಟು ಕೊಟ್ಟರೆ ಕೆಟ್ಟಿತು. 16 (ಇಂಟರಪ್ಟ್, ಮಾಡುತ್ತಿರುವ ಕೆಲಸ ನಿಲ್ಲಿಸಿ ಕರೆಯುವ ಸಂಕೇತ), 17 (ಎನ್‌ಎಂಐ, ತಡೆಯಲಾಗದ ಇಂಟರಪ್ಟ್), 24 (ವೇಟ್), 25 (ಬಸ್ ಕೋರಿಕೆ) ಈ ನಾಲ್ಕಕ್ಕೂ ತಲಾ 10 ಕಿಲೋಓಮ್‌ನಿಂದ 5 ವೋಲ್ಟ್. ಇವೆಲ್ಲ ಸೊನ್ನೆಯಾದಾಗ ಕೆಲಸ ಮಾಡುವ ಪಿನ್ನುಗಳು. 24 ತೇಲುತ್ತಿದ್ದರೆ (ಯಾವುದಕ್ಕೂ ಸೇರದೆ ಗಾಳಿಯಲ್ಲಿದ್ದರೆ) ಸಿಪಿಯು ಕಾಯುತ್ತಲೇ ಕೂರುತ್ತದೆ. 25 ತೇಲುತ್ತಿದ್ದರೆ ಬಸ್ಸನ್ನೇ (ವಿಳಾಸ, ಡೇಟಾ ಗೆರೆಗಳನ್ನು) ಬಿಟ್ಟುಕೊಟ್ಟು ಸುಮ್ಮನಾಗುತ್ತದೆ. ಬೋರ್ಡಿನ ಮೇಲೆ ಕೈಯಾಡಿಸಿದಾಗ ಯಂತ್ರದ ನಡತೆ ಬದಲಾದರೆ ಇವುಗಳಲ್ಲೊಂದು ತೇಲುತ್ತಿದೆ ಎಂದೇ ಅರ್ಥ.

ರೀಸೆಟ್: 5 ವೋಲ್ಟಿನಿಂದ 10 ಕಿಲೋಓಮ್, ಅಲ್ಲಿಂದ 10 ಮೈಕ್ರೋಫ್ಯಾರಡ್ ಗ್ರೌಂಡಿಗೆ, ಕೆಪಾಸಿಟರಿಗೆ ಅಡ್ಡಲಾಗಿ ಬಟನ್. ಕರೆಂಟು ತೆಗೆದೊಡನೆ ಕೆಪಾಸಿಟರ್ ಖಾಲಿಯಾಗಲು ಡಯೋಡಿನ ಗೆರೆಯಿರುವ ತುದಿಯನ್ನು 5 ವೋಲ್ಟಿಗೆ, ಇನ್ನೊಂದನ್ನು ಈ ಕೂಡಿನ ಜಾಗಕ್ಕೆ ಹಾಕಿ. ಅದೇ ಕೂಡು 74ಎಚ್‌ಸಿ14ರ ಪಿನ್ 5ಕ್ಕೆ, ಪಿನ್ 6ರಿಂದ 9ಕ್ಕೆ, ಪಿನ್ 8ರಿಂದ ಝಡ್80ರ 26ಕ್ಕೆ. ಎರಡು ಸಲ ತಿರುವುಮುರುವು ಮಾಡುವುದು ದಂಡ ಎನಿಸಬಹುದು. ಆದರೆ ನಿಧಾನ ಏರುವ ವೋಲ್ಟೇಜನ್ನು ನೇರ ಕೊಟ್ಟರೆ ಹತ್ತರಲ್ಲಿ ಒಂದು ಸಲ ಸಿಪಿಯು ಅರೆಬರೆ ಎದ್ದು ದಿಕ್ಕು ತಪ್ಪುತ್ತದೆ. ಎಚ್‌ಸಿ14 ಅದನ್ನು ಚಕ್ಕನೆ ಏರುವ ಅಂಚಾಗಿ ಮಾಡಿಕೊಡುತ್ತದೆ. ಅದರ ಉಪಯೋಗಿಸದ ಪಿನ್ 11, 13 ಗ್ರೌಂಡಿಗೆ.

ಈಗ ಡೇಟಾ ಪಿನ್ನುಗಳು ಎಂಟನ್ನೂ (7, 8, 9, 10, 12, 13, 14, 15) ತಲಾ 10 ಕಿಲೋಓಮ್‌ನಿಂದ ಗ್ರೌಂಡಿಗೆ ಎಳೆಯಿರಿ. ಸಿಪಿಯು ಎಲ್ಲಿ ಓದಿದರೂ 0 ಸಿಗುತ್ತದೆ. ಝಡ್80ಕ್ಕೆ 0 ಎಂದರೆ ‘ಏನೂ ಮಾಡಬೇಡ, ಮುಂದಕ್ಕೆ ನಡೆ’. ಹೀಗೆ ಅದು 0ಯಿಂದ 65535ರವರೆಗೆ ವಿಳಾಸ ಎಣಿಸುತ್ತಾ ಸುತ್ತು ಹೊಡೆಯುತ್ತದೆ. 393ರ ಪಿನ್ 8ರ ನಿಧಾನ ಕ್ಲಾಕನ್ನು ಝಡ್80ರ ಪಿನ್ 6ಕ್ಕೆ ಕೊಡಿ. ಪಿನ್ 5, 4, 3, 2ಕ್ಕೆ (ವಿಳಾಸ ಎ15, ಎ14, ಎ13, ಎ12) ತಲಾ ಒಂದು ಎಲ್‌ಇಡಿ, 2.2 ಕಿಲೋಓಮ್ ಮೂಲಕ ಗ್ರೌಂಡಿಗೆ.

ಒಂದು ‘ಸುಮ್ಮನಿರು’ ಆದೇಶಕ್ಕೆ 4 ಕ್ಲಾಕ್. 65536ನ್ನು 4ರಿಂದ ಗುಣಿಸಿ 19200ರಿಂದ ಭಾಗಿಸಿದರೆ 13.65 ಸೆಕೆಂಡ್. ಎ15ರ ದೀಪ ಸುಮಾರು 6.8 ಸೆಕೆಂಡ್ ಆರಿ, ಅಷ್ಟೇ ಹೊತ್ತು ಉರಿಯಬೇಕು. ಪಕ್ಕದ್ದು ಅದರ ಅರ್ಧ, ಅದರ ಪಕ್ಕದ್ದು ಇನ್ನೂ ಅರ್ಧ. ವಾಚು ಹಿಡಿದು ನೋಡಿ. ಸಮಯ ಕೂಡಿ ಬಂದರೆ ಕ್ಲಾಕ್, ರೀಸೆಟ್, ಕರೆಂಟು, ಸಿಪಿಯು ನಾಲ್ಕೂ ಸರಿ.

ದೀಪ ಮಂಕಾಗಿ ಕಂಡರೆ ಗಾಬರಿ ಬೇಡ. ಪ್ರತಿ ಆದೇಶದ ನಾಲ್ಕು ಕ್ಲಾಕಿನಲ್ಲಿ ಮೊದಲ ಎರಡರಲ್ಲಿ ಮಾತ್ರ ನಿಜವಾದ ವಿಳಾಸ ಇರುತ್ತದೆ. ಉಳಿದೆರಡರಲ್ಲಿ ಝಡ್80 ಹಳೆಯ ಡೈನಮಿಕ್ ರ‍್ಯಾಮನ್ನು ಎಚ್ಚರವಾಗಿಡಲು ರಿಫ್ರೆಶ್ ವಿಳಾಸ ಕಳಿಸುತ್ತದೆ. ಆಗ ಮೇಲಿನ ಎಂಟು ಗೆರೆಗಳಲ್ಲಿ ಐ ರಿಜಿಸ್ಟರಿನ (ಸಿಪಿಯುವಿನೊಳಗಿನ ಪುಟ್ಟ ಖಾನೆ) 0 ಬರುತ್ತದೆ. ಹೀಗಾಗಿ ಉರಿಯುವ ದೀಪ ಅರ್ಧ ಹೊತ್ತು ಮಾತ್ರ ಉರಿಯುತ್ತದೆ. ಕೆಳಗಿನ ಎ0ಯಿಂದ ಎ6ಕ್ಕೆ ದೀಪ ಹಾಕಿದರೆ ಇದೇ ಕಾರಣಕ್ಕೆ ಕಲಸುಮೇಲೋಗರ ಕಾಣುತ್ತದೆ, ಅಲ್ಲಿ ನೋಡಲು ಹೋಗಬೇಡಿ.

ನಿಧಾನ ಕ್ಲಾಕಿನಲ್ಲಿ ಅಡ್ಡಾದಿಡ್ಡಿ, ಪೂರ್ಣ ವೇಗದಲ್ಲಿ ಸರಿ ಎಂದಾದರೆ ಆ ಚಿಪ್ಪು ಎನ್‌ಮೋಸ್ ಇರಬಹುದು. ಹಳೆಯ ಎನ್‌ಮೋಸ್ ಝಡ್80ರ ಕ್ಲಾಕ್ 2 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಗಿರಬಾರದು. ಒಳಗಿನ ಸ್ಥಿತಿ ಸೋರಿಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ನಾಲ್ಕು ದೀಪಗಳನ್ನೂ ಡೇಟಾದ ಎಂಟು ರೆಸಿಸ್ಟರನ್ನೂ ತೆಗೆದುಬಿಡಿ.

ಯಾರಿಗೆ ಯಾವ ವಿಳಾಸ

ಕೆಳಗಿನ 32768 ಬೈಟು ಇಇಪ್ರಾಮ್, ಮೇಲಿನ 32768 ರ‍್ಯಾಮ್. ಇಬ್ಬರ ನಡುವೆ ತೀರ್ಪು ಕೊಡುವುದು ಎ15 ಒಂದೇ. ಮೆಮೊರಿ ಬೇಕೆಂದಾಗ ಪಿನ್ 19 (ಎಂರೆಕ್) ಸೊನ್ನೆಯಾಗುತ್ತದೆ. ಪೋರ್ಟ್ (ದೀಪ, ಸೀರಿಯಲ್‌ನಂಥ ಹೊರಗಿನ ಸಾಧನದ ವಿಳಾಸ) ಬೇಕೆಂದಾಗ ಪಿನ್ 20 (ಐಓರೆಕ್).

74ಎಚ್‌ಸಿ32ರ ಪಿನ್ 1ಕ್ಕೆ ಎ15 (ಝಡ್80ರ 5), ಪಿನ್ 2ಕ್ಕೆ ಎಂರೆಕ್. ಪಿನ್ 3 ಹೊರಟು ಇಇಪ್ರಾಮಿನ 20ಕ್ಕೆ. ಎಚ್‌ಸಿ14ರ ಪಿನ್ 1ಕ್ಕೂ ಎ15 ಕೊಟ್ಟು, ಪಿನ್ 2ರಲ್ಲಿ ಬರುವ ವಿರುದ್ಧ ಸಂಕೇತವನ್ನು ಎಚ್‌ಸಿ32ರ 4ಕ್ಕೆ ಹಾಕಿ, 5ಕ್ಕೆ ಎಂರೆಕ್; ಪಿನ್ 6 ರ‍್ಯಾಮಿನ 20ಕ್ಕೆ. ಉಳಿದ ಎರಡು ಗೇಟುಗಳಲ್ಲಿ ದೀಪಗಳ ಪೋರ್ಟು: 9ಕ್ಕೆ ಐಓರೆಕ್, 10ಕ್ಕೆ ಝಡ್80ರ 22 (ಬರೆಯುವ ಪಿನ್ನು), 8ರಿಂದ 12ಕ್ಕೆ ವೈರು, 13ಕ್ಕೆ ಎ7 (ಝಡ್80ರ 37), ಪಿನ್ 11 ಹೊರಟು 574ರ 11ಕ್ಕೆ. 128ಕ್ಕಿಂತ ಕೆಳಗಿನ ಯಾವ ಪೋರ್ಟಿಗೆ ಬರೆದರೂ ದೀಪಕ್ಕೇ ಹೋಗುತ್ತದೆ. ವಿಳಾಸದ ದುಂದುವೆಚ್ಚ, ಒಪ್ಪಿಕೊಳ್ಳೋಣ. ಒಂದು ಚಿಪ್ಪು ಉಳಿಯಿತು.

ಎಚ್‌ಸಿ ಸರಣಿ ಸಿಮೋಸ್ ಝಡ್80ಕ್ಕೆ ಸರಿ. ಎನ್‌ಮೋಸ್ ಚಿಪ್ಪಿನಿಂದ ಬರುವ ‘1’ ಅಷ್ಟು ಎತ್ತರಕ್ಕೆ ಏರುವುದಿಲ್ಲವಾದ್ದರಿಂದ ಅದಕ್ಕೆ ಎಚ್‌ಸಿಟಿ ಸರಣಿ ಬೇಕು.

ಇಇಪ್ರಾಮ್, ಎಂಟು ದೀಪ, ಐದು ಬೈಟು

28ಸಿ256ರ ಡೇಟಾ ಪಿನ್ನುಗಳು ಕ್ರಮವಾಗಿವೆ: ಡಿ0ಯಿಂದ ಡಿ2 ಎಂದರೆ 11, 12, 13, ಡಿ3ರಿಂದ ಡಿ7 ಎಂದರೆ 15ರಿಂದ 19. ಝಡ್80ದ್ದು ಹಾಗಲ್ಲ. ಡಿ0ಯಿಂದ ಡಿ7ರವರೆಗೆ ಕ್ರಮವಾಗಿ 14, 15, 12, 8, 7, 9, 10, 13. ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪು ಬೀಳುವುದು ಈ ಎಂಟು ವೈರುಗಳಲ್ಲೇ. ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಪಕ್ಕ ಅಂಟಿಸಿ, ಹಾಕಿದ ಮೇಲೆ ಪ್ರತಿಯೊಂದನ್ನೂ ಬೀಪ್‌ನಲ್ಲಿ ನೋಡಿ. ವೈರಿನ ತುದಿ ಮುಟ್ಟಬೇಡಿ, ಚಿಪ್ಪಿನ ಕಾಲನ್ನೇ ಮುಟ್ಟಿ. ಬೋರ್ಡಿನೊಳಗಿನ ಹಿಡಿ ಸಡಿಲವಾಗಿದ್ದರೂ ಆಗ ಸಿಕ್ಕಿಬೀಳುತ್ತದೆ.

ವಿಳಾಸ: ಝಡ್80ದಲ್ಲಿ ಎ0ಯಿಂದ ಎ10ರವರೆಗೆ 30ರಿಂದ 40, ಎ11ರಿಂದ ಎ15ರವರೆಗೆ 1ರಿಂದ 5. ಇಇಪ್ರಾಮಿನಲ್ಲಿ ಎ0ಯಿಂದ ಎ7ರವರೆಗೆ 10ರಿಂದ ಹಿಂದಕ್ಕೆ 3. ಎ8 25, ಎ9 24, ಎ10 21, ಎ11 23, ಎ12 2, ಎ13 26, ಎ14 1. ಓದುವ ಪಿನ್ 22 ಝಡ್80ರ 21ಕ್ಕೆ. ಬರೆಯುವ ಪಿನ್ 27 ನೇರ 5 ವೋಲ್ಟಿಗೆ; ಬಿಟ್ಟರೆ ಕರೆಂಟು ಏರುವಾಗಿನ ಗಲಿಬಿಲಿಯಲ್ಲಿ ಇಇಪ್ರಾಮೇ ಹಾಳಾಗಿ, ನಿನ್ನೆ ನಡೆದ ಪ್ರೋಗ್ರಾಮು ಇವತ್ತು ನಡೆಯುವುದಿಲ್ಲ. 28ಸಿ256 ಬದಲು ಹಳೆಯ, ಕಿಟಕಿಯಿರುವ 27ಸಿ256 ಇದ್ದರೆ ನೆನಪಿಡಿ: ಅದರಲ್ಲಿ ಎ14 ಇರುವುದು ಪಿನ್ 27ರಲ್ಲಿ, ಪಿನ್ 1 ಹೋಗಬೇಕಾದ್ದು 5 ವೋಲ್ಟಿಗೆ. ಎರಡು ವೈರು ಅದಲುಬದಲು.

574ರ ಪಿನ್ 2ರಿಂದ 9 ಡಿ0ಯಿಂದ ಡಿ7, ಪಿನ್ 1 ಗ್ರೌಂಡಿಗೆ, 19ರಿಂದ ಹಿಂದಕ್ಕೆ 12ರವರೆಗೆ ಎಂಟು ದೀಪ, ತಲಾ 2.2 ಕಿಲೋಓಮ್‌ನೊಂದಿಗೆ ಗ್ರೌಂಡಿಗೆ. ಇನ್ನೊಂದು ದೀಪವನ್ನು 5 ವೋಲ್ಟಿನಿಂದ 2.2 ಕಿಲೋಓಮ್ ಮೂಲಕ ಝಡ್80ರ 18ಕ್ಕೆ (ಹಾಲ್ಟ್) ಹಾಕಿ. ಸಿಪಿಯು ನಿಂತಾಗ ಅದು ಹೊತ್ತಿಕೊಳ್ಳುತ್ತದೆ.

ಇಇಪ್ರಾಮಿನ 0ನೇ ವಿಳಾಸದಿಂದ ಈ ಐದು ಬೈಟು ಬರೆಯಿರಿ:

62, 170, 211, 0, 118

ಎ ರಿಜಿಸ್ಟರಿಗೆ 170 ತುಂಬು, 0ನೇ ಪೋರ್ಟಿಗೆ ಕಳಿಸು, ನಿಲ್ಲು. ದೀಪಗಳು ಒಂದು ಬಿಟ್ಟು ಒಂದು ಉರಿದು, ಹಾಲ್ಟ್ ದೀಪವೂ ಹೊತ್ತಿದರೆ ಸಿಪಿಯು ಪ್ರೋಗ್ರಾಮು ಓದುತ್ತಿದೆ. ಪ್ರೋಗ್ರಾಮರ್‌ನ ತಂತ್ರಾಂಶ ಹೆಕ್ಸ್ ಮಾತ್ರ ಕೇಳಿದರೆ, ಪೈಥಾನಿನಲ್ಲಿ ಈ ಸಂಖ್ಯೆಗಳನ್ನು ಬೈಟ್ ಪಟ್ಟಿಯಾಗಿ ಫೈಲಿಗೆ ಬರೆಸಿ, ಆ ಫೈಲನ್ನೇ ತೆರೆಯುವುದು ಸುಲಭ.

ಹಾಲ್ಟ್ ಹೊತ್ತಿ ದೀಪದ ವಿನ್ಯಾಸ ತಪ್ಪಾದರೆ ತಪ್ಪಿರುವುದು ಬಹುಶಃ 574ರ ಸುತ್ತ. ಹಾಲ್ಟೇ ಹೊತ್ತದಿದ್ದರೆ ಇಇಪ್ರಾಮಿನ ವೈರು ನೋಡಿ.

ಈಗ ಅಸಲಿ ನಕಲಿ ಪರೀಕ್ಷೆ:

14, 0, 237, 113, 118

237, 113 ಝೈಲಾಗ್ ತನ್ನ ಕೈಪಿಡಿಯಲ್ಲಿ ಹೇಳದ ಆದೇಶ. ಎನ್‌ಮೋಸ್ ಝಡ್80 ಅದಕ್ಕೆ 0 ಕಳಿಸುತ್ತದೆ, ಸಿಮೋಸ್ 255 ಕಳಿಸುತ್ತದೆ. ಎಂಟೂ ದೀಪ ಉರಿದರೆ ನಿಮ್ಮದು ಸಿಮೋಸ್. ಹಾಲ್ಟ್ ಹೊತ್ತಿ ಎಂಟೂ ಆರಿದ್ದರೆ, ಮೇಲಿನ ಅಕ್ಷರ ಏನೇ ಹೇಳಲಿ, ಒಳಗಿರುವುದು ಎನ್‌ಮೋಸ್.

ಇಲ್ಲಿಂದ ಮುಂದೆ ಕ್ಲಾಕ್ ವೈರನ್ನು 393ರ 8ರಿಂದ ಕಿತ್ತು ಆಸಿಲೇಟರಿನ ಹೊರಪಿನ್ನಿಗೆ ಹಾಕಿ ಪೂರ್ಣ ವೇಗದಲ್ಲಿ ಓಡಿಸಿ. ಏನಾದರೂ ಕೈಕೊಟ್ಟಾಗ ಮತ್ತೆ ನಿಧಾನಕ್ಕೆ ಬನ್ನಿ. ನಿಧಾನದಲ್ಲಿ ಸರಿಯಿದ್ದು ವೇಗದಲ್ಲಿ ಕೆಟ್ಟರೆ ವೈರಿಂಗ್ ತಪ್ಪಲ್ಲ, 104 ಕೆಪಾಸಿಟರ್ ಇಲ್ಲದ ಚಿಪ್ಪೋ ಸಡಿಲ ಗ್ರೌಂಡೋ ಇರಬೇಕು.

6850, ಮೊದಲ ಅಕ್ಷರ

6850ರ ಪಿನ್ 1 ಗ್ರೌಂಡ್, 12 ಐದು ವೋಲ್ಟ್. ಡೇಟಾ ಇಲ್ಲಿ ತಿರುಗಾಮುರುಗಾ: ಡಿ0 ಪಿನ್ 22, ಅಲ್ಲಿಂದ ಇಳಿದು ಡಿ7 ಪಿನ್ 15. ಆಯ್ಕೆಯ ಮೂರು ಪಿನ್ನುಗಳಲ್ಲಿ 8ಕ್ಕೆ ಎ7, 9ಕ್ಕೆ ಎ6 (ಝಡ್80ರ 36), 10ಕ್ಕೆ ಝಡ್80ರ 27 (ಎಂ1, ಆದೇಶ ಓದುವಾಗ ಇಳಿಯುವ ಸಂಕೇತ). ಎಂ1 ಯಾಕೆಂದರೆ, ಇಂಟರಪ್ಟಿಗೆ ಓಗೊಡುವಾಗ ಝಡ್80 ಐಓರೆಕ್ ಮತ್ತು ಎಂ1 ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಆ ಕ್ಷಣದಲ್ಲಿ 6850 ಇದು ತನ್ನನ್ನೇ ಕರೆದದ್ದು ಎಂದುಕೊಳ್ಳಬಾರದು. ಪಿನ್ 11ಕ್ಕೆ ಎ0, 13ಕ್ಕೆ ಝಡ್80ರ 22, 3 ಮತ್ತು 4 ಎರಡಕ್ಕೂ 393ರ ಪಿನ್ 5. ಪಿನ್ 14ಕ್ಕೆ ಐಓರೆಕ್‌ನ ವಿರುದ್ಧ: ಎಚ್‌ಸಿ14ರ 3ಕ್ಕೆ ಐಓರೆಕ್, 4ರಿಂದ ಇಲ್ಲಿಗೆ. 23, 24 ಎರಡೂ ಗ್ರೌಂಡಿಗೆ. 24 ಸಿಟಿಎಸ್. ಅದು ತೇಲುತ್ತಿದ್ದರೆ ‘ಕಳಿಸಲು ಸಿದ್ಧ’ ಎಂಬ ಬಿಟ್ಟು ಬಾರದೆ, ಉಳಿದೆಲ್ಲ ಸರಿಯಿದ್ದೂ ಪರದೆ ಖಾಲಿಯಾಗಿರುತ್ತದೆ.

ಪಿನ್ 6 ಅಡಾಪ್ಟರಿನ ಆರ್‌ಎಕ್ಸ್‌ಗೆ, ಪಿನ್ 2 ಅಡಾಪ್ಟರಿನ ಟಿಎಕ್ಸ್‌ಗೆ. ಗ್ರೌಂಡ್ ಎರಡೂ ಕಡೆ ಸೇರಿರಲಿ. ಬೋರ್ಡಿಗೆ ಚಾರ್ಜರ್ ಹಾಕಿದ್ದರೆ ಅಡಾಪ್ಟರಿನ 5 ವೋಲ್ಟ್ ಪಿನ್ನನ್ನು ಸೇರಿಸಬೇಡಿ.

6850ಕ್ಕೆ ರೀಸೆಟ್ ಪಿನ್ನೇ ಇಲ್ಲ. 128ನೇ ಪೋರ್ಟಿಗೆ ಮೊದಲು 3 ಕಳಿಸಿದಾಗಲೇ ಅದು ತಲೆ ಕೊಡವಿಕೊಳ್ಳುತ್ತದೆ. ಆಮೇಲೆ 22 ಕಳಿಸಿದರೆ 64ರಿಂದ ಭಾಗಿಸು, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದರ್ಥ. 22ರ ಬದಲು 21 ಕಳಿಸಿದರೆ 16ರಿಂದ ಭಾಗವಾಗಿ 38400 ಬಾಡ್.

62, 3, 211, 128, 62, 22, 211, 128, 219, 128, 230, 2, 40, 250, 62, 65, 211, 129, 24, 244

ಇಪ್ಪತ್ತು ಬೈಟು. ಪಿಸಿಯಲ್ಲಿ ಟೆರಾ ಟರ್ಮ್ ಅಥವಾ ಮಿನಿಕಾಂ ಎಂಬ ಟರ್ಮಿನಲ್ ತಂತ್ರಾಂಶದಲ್ಲಿ 9600 ಇಟ್ಟು ನೋಡಿದರೆ ಇಂಗ್ಲಿಷಿನ ದೊಡ್ಡ ‘ಎ’ ಸಾಲುಸಾಲಾಗಿ ಸುರಿಯಬೇಕು. ಇದರಲ್ಲಿ ರ‍್ಯಾಮಿನ ಬಳಕೆಯೇ ಇಲ್ಲ, ಸ್ಟ್ಯಾಕೂ (ಹಿಂದಿರುಗುವ ವಿಳಾಸಗಳನ್ನು ಪೇರಿಸಿಡುವ ಜಾಗ) ಇಲ್ಲ. ರ‍್ಯಾಮ್ ಚಿಪ್ಪು ಇನ್ನೂ ಡಬ್ಬಿಯಲ್ಲೇ ಇರಲಿ. ಅಕ್ಷರದ ಬದಲು ಕಸ ಬಂದರೆ ಬಾಡ್ ಅಥವಾ 393ರ ತಪ್ಪು ಪಿನ್ನು. ಪ್ರತಿ ಸಲವೂ ಅದೇ ತಪ್ಪು ಅಕ್ಷರ ಬಂದರೆ 6850ರ ಡೇಟಾ ಗೆರೆಗಳು ಅದಲುಬದಲು. ಏನೂ ಬಾರದಿದ್ದರೆ 23, 24, ಆಮೇಲೆ ಟಿಎಕ್ಸ್-ಆರ್‌ಎಕ್ಸ್.

ರ‍್ಯಾಮ್

62256ರ ಪಿನ್ನುಗಳ ಸಾಲು 28ಸಿ256ದ್ದೇ. ಪಕ್ಕದಲ್ಲಿ ಕೂರಿಸಿ ಕಾಲಿಗೆ ಕಾಲು ವೈರು ಎಳೆಯುತ್ತಾ ಹೋಗಿ. ವ್ಯತ್ಯಾಸ ಎರಡೇ: ಪಿನ್ 20 ಎಚ್‌ಸಿ32ರ 6ರಿಂದ, ಪಿನ್ 27 ಝಡ್80ರ 22ಕ್ಕೆ. ಪರೀಕ್ಷೆ ಹೀಗೆ:

62, 3, 211, 128, 62, 22, 211, 128, 33, 0, 128, 54, 85, 126, 254, 85, 32, 16, 54, 170, 126, 254, 170, 32, 9, 35, 124, 181, 32, 237, 62, 79, 24, 2, 62, 88, 71, 219, 128, 230, 2, 40, 250, 120, 211, 129, 24, 245

48 ಬೈಟಿನ ಈ ಪ್ರೋಗ್ರಾಮು 32768ರಿಂದ 65535ರವರೆಗೆ ಪ್ರತಿ ಜಾಗದಲ್ಲೂ 85, ಆಮೇಲೆ 170 ಬರೆದು ಓದಿ ನೋಡುತ್ತದೆ. ಎರಡೂ ಸೇರಿ ಪ್ರತಿ ಬಿಟ್ಟನ್ನೂ 0 ಮತ್ತು 1 ಆಗಿ ತಿರುಗಿಸುತ್ತವೆ. ಸರಿಯಿದ್ದರೆ ‘ಓ’ ಸುರಿಯುತ್ತದೆ, ಒಂದು ಜಾಗ ಕೆಟ್ಟರೂ ‘ಎಕ್ಸ್’. ಆದರೆ ವಿಳಾಸದ ಎರಡು ವೈರು ಒಂದಕ್ಕೊಂದು ತಗುಲಿದ್ದರೆ ಇದು ಹಿಡಿಯುವುದಿಲ್ಲ, ಯಾಕೆಂದರೆ ಬರೆದ ಕೂಡಲೇ ಓದುತ್ತಿದ್ದೇವೆ. ಅದಕ್ಕೆ ಇಡೀ ರ‍್ಯಾಮಿಗೆ ಮೊದಲು ವಿಳಾಸದ ಕೆಳಬೈಟನ್ನೇ ಬರೆದು ಮುಗಿಸಿ, ಎರಡನೇ ಸುತ್ತಿನಲ್ಲಿ ಓದಿ ಹೋಲಿಸಬೇಕು, ಮತ್ತೊಮ್ಮೆ ಮೇಲ್‌ಬೈಟಿನಿಂದ. ಮೇಲಿನ ಪ್ರೋಗ್ರಾಮು ಅರ್ಥವಾಗಿದ್ದರೆ ಇದನ್ನು ಕೈಯಿಂದಲೇ ಬರೆಯಬಹುದು.

ಬೇಸಿಕ್

1978ರ ಹಕ್ಕುಸ್ವಾಮ್ಯ ಹೊತ್ತ ಮೈಕ್ರೋಸಾಫ್ಟಿನ 8 ಕಿಲೋಬೈಟ್ ಬೇಸಿಕ್ ಇಂಗ್ಲೆಂಡಿನ ನ್ಯಾಸ್‌ಕಾಂ ಕಂಪ್ಯೂಟರುಗಳಲ್ಲಿ ಆರ್‌ಓಎಂ (ಓದಲು ಮಾತ್ರ ಬರುವ ಮೆಮೊರಿ) ಚಿಪ್ಪಿನಲ್ಲಿ ಬರುತ್ತಿತ್ತು. ಗ್ರ್ಯಾಂಟ್ ಸರ್ಲ್ ಎಂಬ ಹವ್ಯಾಸಿ ಅದನ್ನು ಝಡ್80 ಮತ್ತು 6850 ಇರುವ ಸಣ್ಣ ಯಂತ್ರಕ್ಕೆ ಹೊಂದಿಸಿ, ವಾಣಿಜ್ಯೇತರ ಬಳಕೆಗೆ ಬಿಟ್ಟಿದ್ದಾರೆ. ಅದರಲ್ಲಿ 32 ಕಿಲೋಬೈಟ್ ರ‍್ಯಾಮಿಗೆಂದು, 32768ರಿಂದ ಶುರುವಾಗುವ ಆವೃತ್ತಿಯನ್ನೇ ಆರಿಸಿ. 56 ಕಿಲೋಬೈಟಿನದು 8192ರಿಂದಲೇ ರ‍್ಯಾಮ್ ಇದೆಯೆಂದು ನಂಬಿ ನಮ್ಮ ಬೋರ್ಡಿನಲ್ಲಿ ಮೌನವಾಗಿ ಸಾಯುತ್ತದೆ. 6850ರ ಪೋರ್ಟುಗಳು ಅಲ್ಲೂ 128, 129. ಭಾಜಕ ಅಲ್ಲೂ 64. ಹಾಗಾಗಿ ಏನೂ ತಿದ್ದದೆ 9600ರಲ್ಲಿ ನಡೆಯುತ್ತದೆ.

ಎರಡು ವೈರು ಹೊಸದಾಗಿ ಬೇಕು. ಈ ಬೇಸಿಕ್ ಕೀಲಿಗಳನ್ನು ಇಂಟರಪ್ಟಿನಿಂದ ಓದುವುದರಿಂದ 6850ರ ಪಿನ್ 7ರಿಂದ ಝಡ್80ರ 16ಕ್ಕೆ ಒಂದು. 10 ಕಿಲೋಓಮ್ ಅಲ್ಲಿ ಹಾಗೇ ಇರಲಿ. ಪರದೆಯ ಮೇಲೆ ಮೊದಲ ಪ್ರಶ್ನೆ ಬಂದು, ಏನು ಒತ್ತಿದರೂ ಅಲುಗದಿದ್ದರೆ ಈ ವೈರೇ ಇಲ್ಲ ಎಂದು ತಿಳಿಯಿರಿ. ಇನ್ನೊಂದು 6850ರ ಪಿನ್ 5ರಿಂದ (ಆರ್‌ಟಿಎಸ್, ‘ಈಗ ಕಳಿಸು’ ಎನ್ನುವ ಗೆರೆ) ಅಡಾಪ್ಟರಿನ ಸಿಟಿಎಸ್‌ಗೆ. ಟರ್ಮಿನಲ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಮಾಡಿ. ಕೈಯಲ್ಲಿ ಟೈಪ್ ಮಾಡುವಾಗ ಇದರ ಬೆಲೆ ಗೊತ್ತಾಗುವುದಿಲ್ಲ. ಉದ್ದದ ಪ್ರೋಗ್ರಾಮು ಪೇಸ್ಟ್ ಮಾಡಿದಾಗ ಗೊತ್ತಾಗುತ್ತದೆ. ಬರುವ ಅಕ್ಷರಗಳಿಗೆ ಇರುವ ಜಾಗ ಸುಮಾರು 63 ಬೈಟು, ಬೇಸಿಕ್ ಒಂದು ಸಾಲನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮುಂದಿನದು ತುಂಬಿ ಚೆಲ್ಲುತ್ತದೆ. ಅಡಾಪ್ಟರಿನಲ್ಲಿ ಸಿಟಿಎಸ್ ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಪ್ರತಿ ಸಾಲಿಗೂ ಒಂದಿಷ್ಟು ವಿಳಂಬ ಕೊಟ್ಟು ಕಾಲ ತಳ್ಳಬಹುದು.

ಶುರುವಾದಾಗ ಕೋಲ್ಡೋ ವಾರ್ಮೋ ಎಂದು ಕೇಳುತ್ತದೆ. ಮೊದಲ ಸಲ ಕೋಲ್ಡ್, ದೊಡ್ಡ ಅಕ್ಷರದ ‘ಸಿ’. ಮೆಮೊರಿಯ ಮೇಲಿನ ಮಿತಿ ಕೇಳಿದಾಗ ಬರೀ ಎಂಟರ್. ಮಧ್ಯೆ ರೀಸೆಟ್ ಒತ್ತಬೇಕಾಗಿ ಬಂದರೆ ವಾರ್ಮ್ ಆರಿಸಿ, ಬರೆದ ಪ್ರೋಗ್ರಾಮು ರ‍್ಯಾಮಿನಲ್ಲಿ ಹಾಗೇ ಉಳಿದಿರುತ್ತದೆ. ಕರೆಂಟು ಹೋದರೆ ಹೋಯಿತು. ಉಳಿಸಿಕೊಳ್ಳುವ ದಾರಿ ಒಂದೇ: ಲಿಸ್ಟ್ ಕೊಟ್ಟು ಟರ್ಮಿನಲ್‌ನಿಂದ ಕಾಪಿ ಮಾಡಿ ಫೈಲಿನಲ್ಲಿಡುವುದು.

ಬೇಸಿಕ್‌ನ ಔಟ್ ಆದೇಶದಿಂದ 0ನೇ ಪೋರ್ಟಿಗೆ 170 ಕಳಿಸಿ, ಮೊದಲ ದಿನದ ದೀಪಗಳೇ ಉರಿಯುತ್ತವೆ. ದೀಪ ಓಡಿಸಲು 2ರ ಘಾತ ಹಾಕುವ ಆಸೆಯಾಗುತ್ತದೆ. ಬೇಡ, ಈ ಬೇಸಿಕ್ ಘಾತವನ್ನು ಲಾಗರಿದಮ್ ಮೂಲಕ ಲೆಕ್ಕ ಹಾಕುತ್ತದೆ. ನಿಧಾನವಷ್ಟೇ ಅಲ್ಲ, 8 ಬರಬೇಕಾದಲ್ಲಿ ಕೂದಲೆಳೆಯಷ್ಟು ಕಡಿಮೆ ಬಂದು ಪೂರ್ಣಾಂಕ ಮಾಡುವಾಗ 7 ಆಗಿಬಿಡಬಹುದು. 1ರಿಂದ ಶುರು ಮಾಡಿ ಪ್ರತಿ ಸಲ ಇಮ್ಮಡಿ ಮಾಡುತ್ತಾ ಹೋಗಿ.

ನಡೆಯುತ್ತಿದ್ದದ್ದು ನಿಂತರೆ

ಖಾಲಿ ಇಇಪ್ರಾಮಿನ ಪ್ರತಿ ಬೈಟೂ 255. ಝಡ್80ಕ್ಕೆ 255 ಎಂದರೆ ‘ಈಗಿನ ವಿಳಾಸವನ್ನು ಸ್ಟ್ಯಾಕಿಗೆ ತಳ್ಳಿ 56ಕ್ಕೆ ಹಾರು’. 56ರಲ್ಲೂ 255 ಇದ್ದರೆ ಮತ್ತೆ ಅದೇ. ಹೀಗೆ ಅದು ರ‍್ಯಾಮನ್ನೆಲ್ಲ ಕಸದಿಂದ ತುಂಬಿಸುತ್ತಾ ತಿರುಗುತ್ತದೆ. ಇದನ್ನು ಹಿಡಿಯಲು ‘ಎ’ ಸುರಿಸುವ ಪ್ರೋಗ್ರಾಮು ಹಾಕಿ ರ‍್ಯಾಮಿನ ಪಿನ್ 20ರ ವೋಲ್ಟ್ ಅಳೆಯಿರಿ. ಆ ಪ್ರೋಗ್ರಾಮು ರ‍್ಯಾಮನ್ನು ಮುಟ್ಟುವುದೇ ಇಲ್ಲವಾದ್ದರಿಂದ ಮೀಟರ್ 5ರ ಹತ್ತಿರ ಕದಲದೆ ನಿಲ್ಲಬೇಕು. ಕೆಳಗೆ ಇಳಿದಿದ್ದರೆ ಸಿಪಿಯು ದಾರಿ ತಪ್ಪಿದೆ: ಇಇಪ್ರಾಮ್ ಖಾಲಿ, ಇಲ್ಲವೇ ಅದರ 20, 22ರ ವೈರು ಕಿತ್ತಿದೆ.

ಚಿಪ್ಪು ಕೂರಿಸುವಾಗ ಒಂದು ಕಾಲು ಒಳಗೆ ಹೋಗದೆ ಹೊಟ್ಟೆಯಡಿ ಮಡಚಿಕೊಳ್ಳುವುದು ಸಾಮಾನ್ಯ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಹಿಂದೆ ಟಾರ್ಚ್ ಹಿಡಿದು ಎರಡೂ ಬದಿ ನೋಡಿ. ಇಇಪ್ರಾಮನ್ನು ಪ್ರೋಗ್ರಾಮರಿಗೂ ಬೋರ್ಡಿಗೂ ಹತ್ತಾರು ಸಲ ಒಯ್ಯಬೇಕಾಗುವುದರಿಂದ ಅದನ್ನು ದುಂಡು ತೂತಿನ ಐಸಿ ಸಾಕೆಟ್ಟಿನಲ್ಲಿ ಕೂರಿಸಿ, ಸಾಕೆಟ್ ಸಮೇತ ಎತ್ತಿ. ಮುರಿದರೆ ಸಾಕೆಟ್ಟಿನ ಕಾಲು ಮುರಿಯುತ್ತದೆ, ಚಿಪ್ಪಿನದಲ್ಲ.

ಬ್ರೆಡ್‌ಬೋರ್ಡಿನಿಂದ ಬೆಸುಗೆಯ ಬೋರ್ಡಿಗೆ ಹೋಗುವಾಗ ಎಲ್ಲ ಚಿಪ್ಪಿಗೂ ಸಾಕೆಟ್ ಬೆಸೆಯಿರಿ, ಚಿಪ್ಪುಗಳನ್ನು ಇದೇ ಕ್ರಮದಲ್ಲಿ ಒಂದೊಂದಾಗಿ ಕೂರಿಸಿ. ಇಇಪ್ರಾಮಿನ ಖಾಲಿ ಸಾಕೆಟ್ಟಿನ 11, 12, 13 ಮತ್ತು 15ರಿಂದ 19ರ ತೂತುಗಳಿಗೆ 10 ಕಿಲೋಓಮ್ ರೆಸಿಸ್ಟರುಗಳ ಕಾಲು ತುರುಕಿ, ಇನ್ನೊಂದು ಕಾಲುಗಳನ್ನೆಲ್ಲ ಹೊಸೆದು 14ರ ಗ್ರೌಂಡಿಗೆ ಸೇರಿಸಿದರೆ, 13.65 ಸೆಕೆಂಡಿನ ಆ ದೀಪದ ಪರೀಕ್ಷೆಯನ್ನು ಬೆಸೆದ ಬೋರ್ಡಿನಲ್ಲೂ ಮಾಡಬಹುದು.